ಕೌಶಲಗಳ ಆಯ್ಕೆ: ಆನ್‌ಲೈನ್ ಪಾತ್ರಧಾರಣ ಕ್ರೀಡೆಗಳಲ್ಲಿ

ಅಂತರಜಾಲದ ಮೂಲಕ ಸಹಸ್ರಾರು ಜನ ಏಕಕಾಲದಲ್ಲಿ ಒಂದೇ ಕಲ್ಪಿತ ಪ್ರಪಂಚದೊಳಗೆ ಸಂಚರಿಸುತ್ತ, ತಾವು ತಾವೇ ರೂಪಿಸಿಕೊಂಡ ಪಾತ್ರಗಳ ಮುಖಾಂತರ ಯುದ್ಧ, ವ್ಯಾಪಾರ, ಕಸುಬು, ಸಾಹಸಯಾತ್ರೆ ಮೊದಲಾದ ವ್ಯವಹಾರಗಳನ್ನು ನಡೆಸತಕ್ಕ ಕಂಪ್ಯೂಟರ್ ಆಟಗಳಲ್ಲಿ, ಆಟಗಾರನು ಹೊಸ್ತಿಲು ದಾಟುವಾಗಲೇ ತನ್ನ ಪಾತ್ರಕ್ಕೆ ಯಾವ ಯಾವ ವಿದ್ಯೆಗಳಿರಬೇಕೆಂದು ಗೊತ್ತುಮಾಡಿಕೊಳ್ಳುವ ಕ್ರಮವನ್ನು ಕೌಶಲಗಳ ಆಯ್ಕೆ ಎಂದು ಕರೆಯುತ್ತಾರೆ. ಆಟಗಾರರ ಆಡುಮಾತಿನಲ್ಲಿ ಒಂದೊಂದು ವಿದ್ಯೆಗೂ ಸ್ಕಿಲ್ ಎಂದೂ, ಆಯ್ದುಕೊಂಡ ವಿದ್ಯೆಗಳ ಒಟ್ಟು ಜೋಡಣೆಗೆ ಬಿಲ್ಡ್ ಎಂದೂ ವಾಡಿಕೆ. ಆಟದ ಮುಂದಿನ ಗತಿಯನ್ನೆಲ್ಲ ನಿಶ್ಚಯಿಸಬಲ್ಲ ಈ ತೀರ್ಮಾನವನ್ನು, ಆ ಪ್ರಪಂಚದ ನೀತಿನಿಯಮಗಳೊಂದೂ ತಿಳಿಯದ ಮೊದಲ ಐದು ನಿಮಿಷಗಳಲ್ಲಿಯೇ ಹೊಸಬನಿಂದ ಕೇಳಿ ಪಡೆಯುವುದು ಈ ಆಟಗಳ ಒಂದು ವೈಚಿತ್ರ್ಯ. ಕಳೆದ ಮೂರು ದಶಕಗಳಲ್ಲಿ ಆಟಗಳನ್ನು ರಚಿಸಿದವರು ಪಟ್ಟ ಶ್ರಮದಲ್ಲಿ ಗಣನೀಯ ಭಾಗವು ಈ ವೈಚಿತ್ರ್ಯವನ್ನು ಸರಿಪಡಿಸುವುದಕ್ಕಾಗಿಯೇ ವ್ಯಯವಾಗಿದೆಯೆಂದರೆ ಅತಿಶಯೋಕ್ತಿಯಾಗದು.

ಈ ಪದ್ಧತಿಯ ಮೂಲವು ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟದಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂದು ಮೂರೇ ವರ್ಗಗಳಿದ್ದವು. ವರ್ಗವನ್ನು ಆಯ್ದುಕೊಂಡವನಿಗೆ ಅದಕ್ಕೆ ಸಲ್ಲತಕ್ಕ ಶಕ್ತಿಗಳೆಲ್ಲ ತಾವಾಗಿ ಒದಗುತ್ತಿದ್ದುದರಿಂದ ಬೇರೆ ಆಯ್ಕೆಯ ತೊಡಕಿರಲಿಲ್ಲ. ನಾಲ್ಕು ವರ್ಷಗಳ ತರುವಾಯ, 1978ರಲ್ಲಿ ಬಂದ ರೂನ್‌ಕ್ವೆಸ್ಟ್ ವರ್ಗಗಳನ್ನೇ ಕೈಬಿಟ್ಟು, ಯಾವ ವಿದ್ಯೆಯನ್ನು ಯಾರು ಬೇಕಾದರೂ ಕಲಿಯಬಹುದು, ಮಾಡಿದಷ್ಟೂ ವಿದ್ಯೆ ಬೆಳೆಯುತ್ತದೆ ಎಂಬ ತತ್ತ್ವವನ್ನು ಮುಂದಿಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಅಕ್ಷರಮಾತ್ರದ ಆಟವು, ಹಲವರು ಒಂದೇ ಪ್ರಪಂಚದಲ್ಲಿ ಕೂಡಿ ಆಡುವುದು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು. ವರ್ಗದ ದಾರಿ, ಕೌಶಲದ ದಾರಿ ಎಂಬ ಈ ಎರಡು ಕವಲುಗಳು ಮುಂದಿನ ಆನ್‌ಲೈನ್ ಆಟಗಳಲ್ಲಿಯೂ ಹಾಗೆಯೇ ಹರಿದುಬಂದಿವೆ. ಹೊಸಬನ ಕಷ್ಟವು ಎರಡನೆಯ ದಾರಿಯಲ್ಲಿಯೇ ಹೆಚ್ಚು. ಅದರ ಸ್ವಾರಸ್ಯವೂ ಅಲ್ಲಿಯೇ ಹೆಚ್ಚು.

ಕೌಶಲದ ದಾರಿಯ ಅತ್ಯಂತ ಸ್ಪಷ್ಟ ನಿದರ್ಶನವೆಂದರೆ ಅಲ್ಟಿಮಾ ಆನ್‌ಲೈನ್. ಟೆಕ್ಸಾಸಿನ ಆಸ್ಟಿನ್ ನಗರದ ಆರಿಜಿನ್ ಸಿಸ್ಟಮ್ಸ್ ಸಂಸ್ಥೆಯು, ರಿಚರ್ಡ್ ಗ್ಯಾರಿಯಟ್ ಅವರ ಹಳೆಯ ಅಲ್ಟಿಮಾ ಮಾಲೆಯ ಬ್ರಿಟಾನಿಯಾ ದೇಶವನ್ನೇ ರಂಗಭೂಮಿಯಾಗಿಸಿಕೊಂಡು, 1997ರ ಸೆಪ್ಟೆಂಬರಿನಲ್ಲಿ ಇದನ್ನು ಬಿಡುಗಡೆ ಮಾಡಿತು. ಇದರ ಮುಖ್ಯ ವಿನ್ಯಾಸಕಾರರು ರಾಫ್ ಕಾಸ್ಟರ್. ಇದರಲ್ಲಿ ವರ್ಗವೆಂಬುದಿಲ್ಲ, ಪಾತ್ರದ ಒಟ್ಟು ಮಟ್ಟವನ್ನು ಸೂಚಿಸುವ ಲೆವೆಲ್ ಎಂಬುದೂ ಇಲ್ಲ. ಖಡ್ಗವಿದ್ಯೆ, ಬಿಲ್ಲುಗಾರಿಕೆ, ಮಂತ್ರವಿದ್ಯೆಗಳಂಥ ರಣೋಪಯೋಗಿ ವಿದ್ಯೆಗಳ ಜೊತೆಯಲ್ಲಿಯೇ ಗಣಿಗಾರಿಕೆ, ಕಮ್ಮಾರಿಕೆ, ದರ್ಜಿಯ ಕೆಲಸ, ಮೀನು ಹಿಡಿಯುವುದು, ಅಡುಗೆ, ಪಶುಗಳನ್ನು ಪಳಗಿಸುವುದು, ಕಳ್ಳತನ, ಕಡೆಗೆ ಭಿಕ್ಷಾಟನೆಯೂ ಕೂಡ ವಿದ್ಯೆಯೆಂದೇ ಎಣಿಕೆಗೆ ಬಂದು ಸಮಾನ ಪಂಕ್ತಿಯಲ್ಲಿ ಕುಳಿತಿವೆ. ಮೊದಲಿಗೆ ಪ್ರತಿಯೊಂದು ವಿದ್ಯೆಯನ್ನೂ ಸೊನ್ನೆಯಿಂದ 100ರವರೆಗೆ, ಹತ್ತನೆಯ ಒಂದಂಶದ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಅಳೆಯುತ್ತಿದ್ದರು. ಆದರೆ ಒಂದು ಪಾತ್ರದ ಎಲ್ಲ ವಿದ್ಯೆಗಳ ಮೊತ್ತವು 700ನ್ನು ಮೀರುವಂತಿರಲಿಲ್ಲ. ಎಂದರೆ ಏಳು ವಿದ್ಯೆಗಳಲ್ಲಿ ಪಾರಂಗತನಾಗಬಹುದಾಗಿತ್ತೇ ಹೊರತು ಎಂಟನೆಯದಕ್ಕೆ ಎಡೆಯಿರಲಿಲ್ಲ. ದೇಹಬಲ, ಚುರುಕುತನ, ಬುದ್ಧಿ ಎಂಬ ಮೂರು ಮೂಲಗುಣಗಳಿಗೂ ಇಂಥದೇ ಕಟ್ಟು: ಒಂದೊಂದು 100ರವರೆಗೆ ಹೋಗಬಹುದಾಗಿದ್ದರೂ ಮೂರೂ ಸೇರಿ 225ಕ್ಕೆ ನಿಲ್ಲಬೇಕಾಗಿತ್ತು.

ಈ ಮೇಲ್ಮಿತಿಯೇ ಆಯ್ಕೆಗೆ ಅರ್ಥವನ್ನು ತಂದುಕೊಟ್ಟಿದೆಯೆಂಬುದನ್ನು ಒತ್ತಿ ಹೇಳಬೇಕು. ಎಲ್ಲರೂ ಎಲ್ಲವನ್ನೂ ಕಲಿಯಬಲ್ಲ ಲೋಕದಲ್ಲಿ ಕಮ್ಮಾರನಿಗೆ ಗಿರಾಕಿಯಿರಲಾರ, ವೈದ್ಯನಿಗೆ ರೋಗಿಯಿರಲಾರ. ಬ್ರಿಟಾನಿಯಾದ ಬ್ರಿಟನ್ ಪಟ್ಟಣದ ಬ್ಯಾಂಕಿನ ಮುಂದೆ, ಕವಚ ರಿಪೇರಿಗೆಂದು ಕೂಗಿ ಕರೆಯುತ್ತ ನಿಂತಿರುತ್ತಿದ್ದ ಕಮ್ಮಾರನು, ಮಂತ್ರಜ್ಞಾನವಿಲ್ಲದ ಯೋಧನ ಹಣವನ್ನು ತೆಗೆದುಕೊಂಡು ಮಂತ್ರವಾದಿಯಿಂದ ತನಗೆ ಬೇಕಾದುದನ್ನು ಕೊಳ್ಳುವಂತಾದುದು 700 ಎಂಬ ಆ ಒಂದು ಸಂಖ್ಯೆಯ ಪ್ರಸಾದ. ಕಮ್ಮಾರಿಕೆಯಲ್ಲಿ 100ನ್ನು ಮುಟ್ಟಿದವನು ತಾನು ಮಾಡಿದ ಉತ್ತಮೋತ್ತಮ ಕತ್ತಿಯ ಮೇಲೆ ತನ್ನ ಹೆಸರಿನ ಮುದ್ರೆಯನ್ನೊತ್ತಬಹುದಾಗಿತ್ತು. ಹೀಗಾಗಿ ಕತ್ತಿ ಹಿಡಿದವನಿಗಿಂತ ಕತ್ತಿ ಬಡಿದವನ ಹೆಸರು ದೂರ ಹೋದ ಸಂದರ್ಭಗಳೂ ಉಂಟು.

ಹೊಸಬನು ಆರಂಭದಲ್ಲಿ ಮೂರು ವಿದ್ಯೆಗಳನ್ನು ಆಯ್ದು, ಅವುಗಳ ನಡುವೆ 100 ಅಂಶಗಳನ್ನು, ಯಾವುದೊಂದಕ್ಕೂ 50ನ್ನು ಮೀರದಂತೆ, ಹಂಚಬೇಕಾಗಿತ್ತು. ಯೋಧ, ಮಾಂತ್ರಿಕ, ಕಮ್ಮಾರ ಎಂಬ ಸಿದ್ಧ ಮಾದರಿಗಳೂ ಅಲ್ಲಿಯೇ ದೊರೆಯುತ್ತಿದ್ದರೂ, ಸ್ವಂತ ಜೋಡಣೆಯ ಆಕರ್ಷಣೆಗೆ ಒಳಗಾಗುವವರೇ ಬಹಳ. ಇಲ್ಲಿ ಸಾಮಾನ್ಯವಾಗಿ ನಡೆಯುವ ಪ್ರಮಾದವೆಂದರೆ ಮೂರಕ್ಕೂ ಸಮಭಾಗವೆಂದು ಮೂವತ್ತಮೂರು ಮೂವತ್ತಮೂರರಂತೆ ಹಂಚಿಬಿಡುವುದು. ನ್ಯಾಯವಾಗಿ ಕಾಣುವ ಈ ಹಂಚಿಕೆಯು ಲೆಕ್ಕದಲ್ಲಿ ಶುದ್ಧ ನಷ್ಟ. ಏಕೆಂದರೆ ಪಟ್ಟಣಗಳ ಅಂಗಡಿಗಳಲ್ಲಿಯೂ ಸಂಘಗಳಲ್ಲಿಯೂ ಇರುವ, ಕಂಪ್ಯೂಟರೇ ನಡೆಸುವ ಕೃತಕ ಪಾತ್ರಗಳು ಅಲ್ಪ ಸುವರ್ಣ ದಕ್ಷಿಣೆಗೆ ತಮ್ಮ ತಮ್ಮ ವಿದ್ಯೆಯನ್ನು ಸುಮಾರು 30ರ ಆಸುಪಾಸಿನವರೆಗೆ ಕ್ಷಣಮಾತ್ರದಲ್ಲಿ ಕಲಿಸಿಕೊಡುತ್ತವೆ; ಹಣಕ್ಕೆ ದೊರೆಯುವ ಮೂವತ್ತಕ್ಕಾಗಿ ಹುಟ್ಟಿನ ಬಂಡವಾಳವನ್ನು ವ್ಯಯಮಾಡುವುದು ಜಾಣತನವಲ್ಲ. ಬಲ್ಲವರು ಬೆಳೆಸಲು ಅತ್ಯಂತ ಕಷ್ಟವಾದ ಎರಡು ವಿದ್ಯೆಗಳನ್ನು ಆರಿಸಿ, ಒಂದಕ್ಕೆ 50, ಮತ್ತೊಂದಕ್ಕೆ 49, ಮೂರನೆಯದಕ್ಕೆ ಒಂದೇ ಒಂದು ಅಂಶವನ್ನು ಕೊಡುತ್ತಿದ್ದರು. ಮೂರನೆಯದಕ್ಕೆ ಆ ಒಂದಂಶವಾದರೂ ಏಕೆಂದರೆ, ಆಯ್ದುಕೊಂಡ ವಿದ್ಯೆಗೆ ತಕ್ಕ ಉಪಕರಣಗಳು ಜೋಳಿಗೆಯಲ್ಲಿ ಉಚಿತವಾಗಿ ಬರುತ್ತಿದ್ದವು: ಮಂತ್ರವಿದ್ಯೆಗೆ ಮಂತ್ರಪುಸ್ತಕ ಮತ್ತು ಮೂಲಿಕೆಗಳು, ಗಣಿಗಾರಿಕೆಗೆ ಗುದ್ದಲಿ, ಸಂಗೀತಕ್ಕೆ ಒಂದು ವಾದ್ಯ.

ವಿದ್ಯೆಗಳು ಬಿಡಿಬಿಡಿಯಾಗಿ ನಿಲ್ಲುವುವಲ್ಲ, ಒಂದಕ್ಕೊಂದು ಆಧಾರವಾಗಿಯೇ ನಿಲ್ಲತಕ್ಕವು ಎಂಬುದು ಹೊಸಬನಿಗೆ ತಡವಾಗಿ ತಿಳಿಯುವ ಸಂಗತಿ. ಖಡ್ಗವಿದ್ಯೆಯಿಂದ ಏಟು ಗುರಿಗೆ ತಗಲುತ್ತದೆ. ಆದರೆ ತಗಲಿದ ಏಟಿನ ಭಾರವು ಯುದ್ಧತಂತ್ರ ಎಂಬ ಬೇರೊಂದು ವಿದ್ಯೆಯನ್ನೂ, ಶರೀರಜ್ಞಾನ ಎಂಬ ಮತ್ತೊಂದನ್ನೂ ಅವಲಂಬಿಸಿರುತ್ತದೆ. ಆ ಶರೀರಜ್ಞಾನವೇ ಪುನಃ ಚಿಕಿತ್ಸಾವಿದ್ಯೆಗೂ ಬೆನ್ನೆಲುಬು: ಎರಡೂ 60ಕ್ಕೆ ಏರಿದಾಗ ಬ್ಯಾಂಡೇಜಿನಿಂದ ವಿಷವನ್ನಿಳಿಸಬಹುದು, ಎರಡೂ 80ಕ್ಕೆ ಏರಿದಾಗ ಸತ್ತವರನ್ನೇ ಎಬ್ಬಿಸಬಹುದು. ಮಾಂತ್ರಿಕನ ವಿಷಯದಲ್ಲಿಯೂ ಇದೇ ನ್ಯಾಯ. ಎಂಟು ಮಂಡಲಗಳಲ್ಲಿ ಎಂಟೆಂಟರಂತೆ ಒಟ್ಟು 64 ಮಂತ್ರಗಳಿದ್ದು, ಮಂತ್ರವಿದ್ಯೆಯೊಂದನ್ನೇ ಬೆಳೆಸಿಕೊಂಡವನು ಅವನ್ನು ಉಚ್ಚರಿಸಬಲ್ಲನಾದರೂ, ಬುದ್ಧಿಪರೀಕ್ಷೆ ಎಂಬ ಜೊತೆಯ ವಿದ್ಯೆಯಿಲ್ಲದೆ ಅವನ ಸಿಡಿಲು ಶತ್ರುವನ್ನು ಕೆಣಕುವುದಕ್ಕೆ ಮಾತ್ರ ಸಾಕಾಗುತ್ತದೆ. ಧ್ಯಾನವಿಲ್ಲದಿದ್ದರೆ ನಾಲ್ಕಾರು ಮಂತ್ರಗಳಲ್ಲಿ ಶಕ್ತಿಯು ಬರಿದಾಗಿ, ಬೆನ್ನಟ್ಟಿದ ಓರ್ಕ್ ಎಂಬ ರಾಕ್ಷಸನ ಮುಂದೆ ಓಡುವುದೊಂದೇ ದಾರಿಯಾಗುತ್ತದೆ. ಅದರ ಮೇಲೆ ಲೋಹಕವಚವನ್ನು ತೊಟ್ಟವನಿಗೆ ಧ್ಯಾನವೇ ಹತ್ತದು. ಕವಚವೂ ಇರಲಿ, ಮಂತ್ರವೂ ಇರಲಿ ಎಂದು ಎರಡು ದೋಣಿಗಳಲ್ಲಿ ಕಾಲಿಡುವ ಅನನುಭವಿಯು ಎರಡನ್ನೂ ಕಳೆದುಕೊಳ್ಳುವುದು ಹೀಗೆ.

ಅಭ್ಯಾಸದಿಂದ ವಿದ್ಯೆ ಬೆಳೆಯುವ ರೀತಿಯನ್ನು ಹತ್ತಿರದಿಂದ ನೋಡಬೇಕಾದರೆ ಚಿಕಿತ್ಸಾವಿದ್ಯೆಯನ್ನೇ ತೆಗೆದುಕೊಳ್ಳಬಹುದು. ಕೈಯಲ್ಲಿ ಹಣವಿಲ್ಲದ ಹೊಸ ಯೋಧನು ಪಟ್ಟಣದ ಹೊರಗಿನ ಹುಲ್ಲುಗಾವಲಿಗೆ ಹೋಗಿ, ಆರಂಭದಲ್ಲಿ ತನಗೆ ದೊರೆತ ಬಾಕುವಿನಿಂದಲೇ ಕುರಿಯ ಉಣ್ಣೆಯನ್ನು ಕತ್ತರಿಸುತ್ತಾನೆ. ಆ ಉಣ್ಣೆಯನ್ನು ದರ್ಜಿಯಂಗಡಿಯ ರಾಟೆಯಲ್ಲಿ ನೂತು, ಮಗ್ಗದಲ್ಲಿ ನೆಯ್ದು, ಬಂದ ಬಟ್ಟೆಯನ್ನು ಕತ್ತರಿಯಿಂದ ತುಂಡರಿಸಿ ಬ್ಯಾಂಡೇಜು ಮಾಡಿಕೊಳ್ಳುತ್ತಾನೆ. ಆಮೇಲೆ ಶ್ಮಶಾನದ ಅಸ್ಥಿಪಂಜರವೊಂದರೊಡನೆ ಸೆಣಸಿ, ಏಟು ತಿಂದು, ತನ್ನ ಗಾಯಕ್ಕೆ ತಾನೇ ಬ್ಯಾಂಡೇಜು ಕಟ್ಟಿಕೊಳ್ಳುತ್ತ, ಕಟ್ಟು ಮುಗಿಯುವವರೆಗಿನ ಕೆಲವು ಸೆಕೆಂಡುಗಳನ್ನು ಎಣಿಸುತ್ತ, ಆ ಒಂದೇ ಕಾಳಗದಲ್ಲಿ ಖಡ್ಗ, ತಂತ್ರ, ಚಿಕಿತ್ಸೆ ಮೂರನ್ನೂ ಹತ್ತನೆಯ ಒಂದೊಂದಂಶದಂತೆ ಏರಿಸಿಕೊಳ್ಳುತ್ತಾನೆ. 30ಕ್ಕೆ ನಿಯೋಫೈಟ್ ಎಂಬ ಬಿರುದಿನಿಂದ ಮೊದಲಾಗಿ ಪ್ರತಿ ಹತ್ತಕ್ಕೊಂದರಂತೆ ಹೆಸರು ಬದಲಾಗುತ್ತ, 100ಕ್ಕೆ ಗ್ರ್ಯಾಂಡ್‌ಮಾಸ್ಟರ್ ಎಂಬ ಪದವಿ ಒದಗುತ್ತದೆ. ಮೊದಲ 50 ಅಂಶಗಳು ಬಂದಷ್ಟು ಸುಲಭವಾಗಿ ಕಡೆಯ ಹತ್ತು ಬರುವುವಲ್ಲ. ಪಶುಗಳನ್ನು ಪಳಗಿಸುವ ವಿದ್ಯೆಯಂತೂ ಹಕ್ಕಿ ಮೊಲಗಳಿಂದ ಮೊದಲಾಗಿ ಡ್ರ್ಯಾಗನ್ನಿನವರೆಗೆ ತಲಪಲು ಅಸಾಮಾನ್ಯ ತಾಳ್ಮೆಯನ್ನು ಬೇಡುವಂಥದು. ಕೊನೆಯಲ್ಲಿ ಡ್ರ್ಯಾಗನ್ ಬೆನ್ನ ಹಿಂದೆ ನಡೆದುಬರುವ ದೃಶ್ಯವನ್ನು ನೆನೆದು ಆ ವಿದ್ಯೆಯನ್ನೇ ಮೊದಲು ಹಿಡಿಯುವ ಹೊಸಬರು ಅಸಂಖ್ಯಾತ. ಅವರಲ್ಲಿ ಬಹುಮಂದಿ ಕರಡಿಯ ಹಂತಕ್ಕೆ ಬೇಸತ್ತು ಬಿಡುತ್ತಾರೆಂದು ಅನುಭವಸ್ಥರು ಹೇಳುವುದುಂಟು, ಅದನ್ನು ನಂಬದಿರಲು ಕಾರಣವಿಲ್ಲ.

ಮೊದಲ ದಿನಗಳಲ್ಲಿ ಈ ಬೆಳವಣಿಗೆಗೆ ಹಿಡಿತವಿರಲಿಲ್ಲ. ಒಟ್ಟು ಮೊತ್ತವು ಮಿತಿಯನ್ನು ಮುಟ್ಟಿದ ಮೇಲೆ ಹೊಸದೊಂದು ಏರಿದರೆ ಹಳೆಯದೊಂದು ಇಳಿಯಲೇಬೇಕಾದ ಕಾರಣ, ವಿನೋದಕ್ಕಾಗಿ ನಾಲ್ಕು ಮೀನು ಹಿಡಿದ ಯೋಧನು ತನ್ನ ಖಡ್ಗವಿದ್ಯೆ ಕರಗಿರುವುದನ್ನು ಕಂಡು ಹೌಹಾರುವ ಪ್ರಸಂಗಗಳು ಒದಗುತ್ತಿದ್ದವು. ಮುಂದೆ ಪ್ರತಿಯೊಂದು ವಿದ್ಯೆಯ ಪಕ್ಕದಲ್ಲಿ ಏರಲಿ, ಇಳಿಯಲಿ, ನಿಲ್ಲಲಿ ಎಂಬ ಮೂರು ಗುರುತುಗಳನ್ನಿಟ್ಟು ಆಟಗಾರನ ಕೈಗೇ ಬೀಗವನ್ನು ಕೊಟ್ಟ ಮೇಲೆ, ಆರಂಭದ ಆಯ್ಕೆಯು ತಿದ್ದಿಕೊಳ್ಳಬಹುದಾದ ವಸ್ತುವಾಯಿತು. ಆದರೂ ತಿದ್ದುಪಡಿಗೆ ಬೆಲೆಯುಂಟು: ಇಳಿಯಲು ಬಿಟ್ಟ ವಿದ್ಯೆಯ ಹಿಂದಿನ ದುಡಿಮೆಯೆಲ್ಲ ಹೋದಂತೆಯೇ. ಆದುದರಿಂದ ಅನೇಕರು ಯುದ್ಧಕ್ಕೊಂದು ಪಾತ್ರ, ಕಸುಬಿಗೊಂದು ಪಾತ್ರ ಎಂದು ಎರಡನ್ನು ಸಾಕುತ್ತಿದ್ದರು. ಎರಡನೆಯದಕ್ಕೆ ಆಟಗಾರರು ಕೊಟ್ಟ ಹೆಸರು ಮ್ಯೂಲ್, ಅರ್ಥಾತ್ ಹೇಸರಗತ್ತೆ.

ಆಯ್ಕೆಯ ಮೇಲೆ ಪರಿಸರದ ಪ್ರಭಾವವೂ ಅಲ್ಪವಲ್ಲ. 2000ದ ಮೇ ತಿಂಗಳಿಗೆ ಮುಂಚೆ ಬ್ರಿಟಾನಿಯಾದಲ್ಲಿ ಪಟ್ಟಣದ ಎಲ್ಲೆ ದಾಟಿದ ಯಾರನ್ನಾದರೂ ಯಾರಾದರೂ ಕೊಂದು ದೋಚಬಹುದಾಗಿದ್ದುದರಿಂದ, ಹೊಸಬನಿಗೆ ಅತ್ಯಾವಶ್ಯಕವಾದ ವಿದ್ಯೆಗಳೆಂದರೆ ಅಡಗುವುದು, ಮಂತ್ರನಿರೋಧ, ಹಾಗೂ ರೀಕಾಲ್ ಮಂತ್ರದಿಂದ ಕ್ಷಣಾರ್ಧದಲ್ಲಿ ಊರಿಗೆ ಹಿಂದಿರುಗುವಷ್ಟು ಮಂತ್ರಜ್ಞಾನ. ಆ ತಿಂಗಳು ರಿನೇಸಾನ್ಸ್ ಎಂಬ ವಿಸ್ತರಣೆಯು ಪ್ರಪಂಚವನ್ನು ಇಬ್ಬಗೆಯಾಗಿಸಿ, ಫೆಲೂಕಾ ಎಂಬ ಭಾಗದಲ್ಲಿ ಹಳೆಯ ಅರಾಜಕತೆಯನ್ನೂ ಟ್ರ್ಯಾಮೆಲ್ ಎಂಬ ಭಾಗದಲ್ಲಿ ಪರಸ್ಪರ ಸಮ್ಮತಿಯಿಲ್ಲದ ಹಲ್ಲೆಗೆ ನಿಷೇಧವನ್ನೂ ನೆಲೆಗೊಳಿಸಿತು. ವಿದ್ಯೆಗಳ ಪಟ್ಟಿ ಇದ್ದಂತೆಯೇ ಇದ್ದರೂ ಅವುಗಳ ಬೆಲೆ ಒಂದು ದಿನದೊಳಗೆ ಬದಲಾಯಿತು. ಸಂಗೀತ ಮತ್ತು ಪ್ರಚೋದನೆ ಎಂಬೆರಡನ್ನು ಕಲಿತು, ಇಬ್ಬರು ರಾಕ್ಷಸರನ್ನು ಪರಸ್ಪರ ಕಾದಾಡಿಸಿ ದೂರದಲ್ಲಿ ನಿಂತು ವೀಣೆ ಬಾರಿಸುವ ಗಾಯಕನು, ದುರ್ಬಲ ದೇಹದವನಾದರೂ, ನಿರ್ಭಯವಾಗಿ ಧನಾರ್ಜನೆ ಮಾಡತೊಡಗಿದನು.

ವರ್ಗದ ದಾರಿಯನ್ನು ಹಿಡಿದ ಆಟಗಳು ಹೊಸಬನ ಭಾರವನ್ನು ಬಹುಮಟ್ಟಿಗೆ ಇಳಿಸಿದವು. 1999ರ ಎವರ್‌ಕ್ವೆಸ್ಟ್ ಮೊದಲುಗೊಂಡು ಇವುಗಳಲ್ಲಿ ಹೆಸರಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರ ನವೆಂಬರಿನಲ್ಲಿ ಹೊರಬಂದಾಗ ಅದರಲ್ಲಿ ಒಂಬತ್ತು ವರ್ಗಗಳಿದ್ದು, ಒಂದೊಂದಕ್ಕೂ ಟ್ಯಾಲೆಂಟ್ ಎಂಬ ಮೂರು ಮೂರು ವೃಕ್ಷಗಳಿದ್ದವು. ಹತ್ತನೆಯ ಲೆವೆಲ್ಲಿನಿಂದ ಮೊದಲಾಗಿ ಒಂದೊಂದು ಅಂಶದಂತೆ 60ನೆಯ ಲೆವೆಲ್ಲಿಗೆ 51 ಅಂಶಗಳು ಕೈಸೇರುತ್ತಿದ್ದವು. ಎಂದರೆ ಸೂಕ್ಷ್ಮವಾದ ಆಯ್ಕೆಯನ್ನು, ಆಟದ ರುಚಿ ಸ್ವಲ್ಪ ಹತ್ತಿದ ಮೇಲೆ ಮಾತ್ರವೇ ಕೇಳುವ ವಿವೇಕವನ್ನು ಇದರ ರಚನಕಾರರು ತೋರಿಸಿದರು. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನನ್ನು ಮೊದಲು ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಪಳಗಿಸಿ ದೊಡ್ಡ ವೇಷವನ್ನು ಆಮೇಲೆ ಕಟ್ಟಿಸುವ ಕ್ರಮಕ್ಕೆ ಇದು ಸಮೀಪವಾದುದು. ಆಯ್ಕೆ ತಪ್ಪಿದರೆ ಆಟದೊಳಗಿನ ಗುರುವಿಗೆ ಒಂದು ಚಿನ್ನದ ನಾಣ್ಯ ಕೊಟ್ಟು ಅಂಶಗಳನ್ನೆಲ್ಲ ಹಿಂದಕ್ಕೆ ಪಡೆಯಬಹುದಾಗಿತ್ತು; ಎರಡನೆಯ ಸಲಕ್ಕೆ ಐದು, ಹೀಗೆಯೇ ಏರುತ್ತ ಐವತ್ತರವರೆಗೆ ಆ ದಂಡ ಬೆಳೆಯುತ್ತಿತ್ತು. ಇಲ್ಲಿಯೂ ಮೂರು ವೃಕ್ಷಗಳಿಗೆ ಸಮಾನವಾಗಿ ನೀರೆರೆದವನಿಗೆ ಯಾವ ವೃಕ್ಷದ ತುದಿಯ ಹಣ್ಣೂ ದೊರೆಯುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ತಿದ್ದುಪಡಿಗೇ ಅವಕಾಶವಿಲ್ಲದ ಕಠೋರ ಪದ್ಧತಿಯೂ ಇತ್ತು. 2000ದಲ್ಲಿ ಬಂದ ಡಯಾಬ್ಲೊ ಎರಡನೆಯ ಭಾಗದಲ್ಲಿ ಒಮ್ಮೆ ಇಟ್ಟ ಅಂಶ ಇಟ್ಟದ್ದೇ. 30ನೆಯ ಲೆವೆಲ್ಲಿನಲ್ಲಿ ತೆರೆಯುವ ಪ್ರಬಲ ವಿದ್ಯೆಗಳಿಗಾಗಿ ಬುದ್ಧಿವಂತರು ಅಂಶಗಳನ್ನು ಖರ್ಚುಮಾಡದೆ ಕೂಡಿಟ್ಟುಕೊಂಡು, ಅಲ್ಲಿಯವರೆಗೆ ಕಷ್ಟದಲ್ಲಿ ಕಾಲ ತಳ್ಳುತ್ತಿದ್ದರು. ಹೊಸಬರಾದರೋ ಬಂದದ್ದನ್ನು ಬಂದಲ್ಲಿಯೇ ಹಾಕಿ, ವಾರಗಟ್ಟಲೆಯ ದುಡಿಮೆಯನ್ನು ಬಿಟ್ಟು ಮತ್ತೆ ಮೊದಲಿನಿಂದ ತೊಡಗುತ್ತಿದ್ದರು. ಅಂಶಗಳನ್ನು ಹಿಂಪಡೆಯುವ ಸೌಲಭ್ಯವು ಅದಕ್ಕೆ ದೊರೆತದ್ದು ಹತ್ತು ವರ್ಷಗಳ ಅನಂತರ, 2010ರಲ್ಲಿ.

ಐಸ್‌ಲೆಂಡಿನ ಸಿಸಿಪಿ ಸಂಸ್ಥೆಯು 2003ರಲ್ಲಿ ಹೊರತಂದ ಈವ್ ಆನ್‌ಲೈನ್ ಅಂತರಿಕ್ಷದ ಆಟ. ಅಲ್ಲಿ ವಿದ್ಯೆಯು ಅಭ್ಯಾಸದಿಂದಲ್ಲ, ನಿಜವಾದ ಗಡಿಯಾರದಿಂದ ಬೆಳೆಯುತ್ತದೆ. ಕಂಪ್ಯೂಟರನ್ನು ಆರಿಸಿ ಮಲಗಿದರೂ ಪಾಠ ಮುಂದುವರಿಯುತ್ತಿರುತ್ತದೆ. ಕಲಿಕೆಯ ವೇಗವನ್ನೇ ಹೆಚ್ಚಿಸುವ ಕೆಲವು ವಿದ್ಯೆಗಳು ಅದರಲ್ಲಿದ್ದುದರಿಂದ, ಹೊಸಬರು ಹಡಗು ನಡೆಸುವುದನ್ನು ಬದಿಗಿಟ್ಟು ಮೊದಲು ಅವನ್ನೇ ಕಲಿಯಬೇಕೆಂಬ ಹಿತೋಪದೇಶವು ಎಲ್ಲೆಲ್ಲಿಯೂ ಪ್ರಚಲಿತವಾಗಿತ್ತು. ಲಾಭಕರವಾದ ಆ ಉಪದೇಶವನ್ನು ಪಾಲಿಸಿದವರಿಗೆ ಮೊದಲ ವಾರಗಳಲ್ಲಿ ಮಾಡಲು ಬೇರೇನೂ ಇರುತ್ತಿರಲಿಲ್ಲ. 2010ರ ಕೊನೆಯಲ್ಲಿ ಸಂಸ್ಥೆಯವರು ಆ ವಿದ್ಯೆಗಳನ್ನೇ ಕಿತ್ತುಹಾಕಿದರು. ಲೆಕ್ಕದ ದೃಷ್ಟಿಯಿಂದ ಅತ್ಯುತ್ತಮವಾದ ಆಯ್ಕೆಯು ಆಟದ ದೃಷ್ಟಿಯಿಂದ ಅತ್ಯಂತ ಕೆಟ್ಟದಾಗಬಹುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ನಾನು ಕಾಣೆ.

ಕೇಂಬ್ರಿಜಿನ ಜ್ಯಾಗೆಕ್ಸ್ ಸಂಸ್ಥೆಯ ರೂನ್‌ಸ್ಕೇಪಿನಲ್ಲಿ (2001) ಒಟ್ಟು ಮೇಲ್ಮಿತಿಯ ಪ್ರಶ್ನೆಯೇ ಇಲ್ಲ. ಒಂದೇ ಪಾತ್ರವು ಎಲ್ಲ ವಿದ್ಯೆಗಳನ್ನೂ 99ರವರೆಗೆ ಏರಿಸಬಹುದು. ಅಲ್ಲಿ ಕೊರತೆಯಿರುವುದು ಕಾಲಕ್ಕೆ: 99ನೆಯ ಲೆವೆಲ್ಲಿಗೆ 1,30,34,431 ಅನುಭವಾಂಶಗಳು ಬೇಕಾಗಿದ್ದು, 92ನೆಯದನ್ನು ಮುಟ್ಟಿದವನು ಸರಿಸುಮಾರು ಅರ್ಧ ದಾರಿಯಲ್ಲಿ ಮಾತ್ರ ಇರುತ್ತಾನೆ. ಹೀಗಾಗಿ ಅಲ್ಲಿ ಹೊಸಬನು ಯಾವುದನ್ನು ಮೊದಲು ಹಿಡಿದರೂ ಕೇಡಿಲ್ಲ. ಇದೇ ಕಾಲದ ಮತ್ತೊಂದು ಪ್ರಯೋಗವಾದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ (2003) ಕಾಸ್ಟರ್ ಅವರದೇ ಕಲ್ಪನೆ. 250 ಅಂಶಗಳೊಳಗೆ ವೃತ್ತಿಗಳನ್ನು ಬೆರಸಿಕೊಳ್ಳುವುದು, ಬೇಡವೆನಿಸಿದುದನ್ನು ಬಿಟ್ಟುಕೊಟ್ಟು ಅಂಶಗಳನ್ನು ಮರಳಿ ಪಡೆಯುವುದು, ಪಾನಶಾಲೆಯಲ್ಲಿ ನರ್ತಿಸಿ ದಣಿದ ಯೋಧರ ಆಯಾಸವನ್ನು ಕಳೆಯುವುದನ್ನೇ ಜೀವನವೃತ್ತಿಯಾಗಿ ಆರಿಸಿಕೊಳ್ಳುವುದು, ಇವೆಲ್ಲ ಅದರಲ್ಲಿ ಸಾಧ್ಯವಿದ್ದವು. ಹೊಸಬರಿಗೆ ಇದು ಕ್ಲಿಷ್ಟವೆಂಬ ಕಾರಣದಿಂದ 2005ರ ನವೆಂಬರಿನಲ್ಲಿ ಆ ವೃತ್ತಿಗಳ ಜಾಲವನ್ನೆಲ್ಲ ಅಳಿಸಿ ಒಂಬತ್ತು ಸಿದ್ಧ ವರ್ಗಗಳನ್ನು ತಂದಿರಿಸಲಾಯಿತು. ಹಳಬರು ಕ್ರುದ್ಧರಾಗಿ ಗುಂಪುಗುಂಪಾಗಿ ಹೊರಟುಹೋದರು. ಹೊಸಬರು ನಿರೀಕ್ಷಿಸಿದಷ್ಟು ಬರಲಿಲ್ಲ. 2011ರ ಡಿಸೆಂಬರಿನಲ್ಲಿ ಆಟವೇ ಮುಚ್ಚಿಹೋಯಿತು.

ಬಾರ್ಟಲ್ ಅವರು 1996ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಆಟಗಾರರನ್ನು ಸಾಧಕರು, ಅನ್ವೇಷಕರು, ಸಂಗಪ್ರಿಯರು, ಕೊಲೆಗಡುಕರು ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಆಯ್ಕೆಯ ವಿಚಾರದಲ್ಲಿ ಈ ವಿಂಗಡಣೆ ಉಪಯುಕ್ತವಾದರೂ, ತಾನು ಯಾವ ಬಗೆಯವನೆಂಬುದು ಹೊಸಬನಿಗೇ ತಿಳಿದಿರುವುದಿಲ್ಲವಾದ್ದರಿಂದ, ಇನ್ನೂ ಪ್ರಾಥಮಿಕವಾದ ಒಂದು ಸೂತ್ರವನ್ನು ಹಿಡಿಯುವುದು ಕ್ಷೇಮ: ಕೊಲ್ಲುವ ವಿದ್ಯೆಗಿಂತ ಮೊದಲು ಬದುಕುವ ವಿದ್ಯೆ. ಜೊತೆಗಾರರಿಲ್ಲದೆ ಒಬ್ಬಂಟಿಯಾಗಿ ಅಲೆಯುವ ಆರಂಭದ ದಿನಗಳಲ್ಲಿ, ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳಬಲ್ಲ ಸಾಧಾರಣ ಯೋಧನು ಅದನ್ನು ಅರಿಯದ ಮಹಾಧನುರ್ಧರನಿಗಿಂತ ದೂರ ಹೋಗುತ್ತಾನೆ. ಆ ಮೇಲೆ ಒಂದು ಆಯುಧವಿದ್ಯೆ, ಅದಕ್ಕೆ ಆಧಾರವಾಗುವ ಒಂದೆರಡು ವಿದ್ಯೆಗಳು. ಇಷ್ಟಕ್ಕೆ ನಿಲ್ಲಿಸಿ, ಉಳಿದ ಸ್ಥಾನಗಳನ್ನು ಖಾಲಿಯಾಗಿಯೇ ಇಟ್ಟುಕೊಂಡರೆ ನಷ್ಟವಿಲ್ಲ. ಆಟಗಾರರ ವಲಯಗಳಲ್ಲಿ ಕೈಯಿಂದ ಕೈಗೆ ಸಾಗುವ ಅತ್ಯುತ್ತಮ ಬಿಲ್ಡುಗಳ ಪಟ್ಟಿಯನ್ನು ಅಕ್ಷರಶಃ ಅನುಸರಿಸುವುದು ಇತ್ತೀಚಿನ ರೂಢಿಯಾಗಿದೆ. ಅವು ಬಹುತೇಕ ಪರಿಪೂರ್ಣ ಪಾತ್ರಕ್ಕೆ, ದುಬಾರಿ ಆಯುಧಕವಚಗಳನ್ನು ಭಾವಿಸಿಕೊಂಡು ರಚಿತವಾದವು. ಅಲ್ಲಿಗೆ ತಲಪುವ ದಾರಿಯಲ್ಲಿ ಬದುಕುವುದು ಹೇಗೆಂಬುದನ್ನು ಹೇಳುವ ಪಟ್ಟಿಗಳು ವಿರಳ.

ಅಲ್ಟಿಮಾ ಆನ್‌ಲೈನ್ ಇಂದಿಗೂ ನಡೆದುಕೊಂಡು ಬರುತ್ತಿದೆ. 2014ರಿಂದ ಅದರ ನಿರ್ವಹಣೆ ಬ್ರಾಡ್‌ಸ್ವರ್ಡ್ ಎಂಬ ಸಂಸ್ಥೆಯದು, 2018ರಿಂದ ಕೆಲವು ನಿರ್ಬಂಧಗಳಿಗೊಳಪಟ್ಟು ಚಂದಾ ಕೊಡದೆಯೂ ಆಡಬಹುದು. ವಿದ್ಯೆಗಳನ್ನು ಒಂದು ಪಾತ್ರದಿಂದ ತೆಗೆದು ಮತ್ತೊಂದಕ್ಕೆ ಸಾಗಿಸುವ ಸೋಲ್‌ಸ್ಟೋನ್ ಎಂಬ ಶಿಲೆಗಳೂ, ಒಂದೊಂದು ವಿದ್ಯೆಯ ಎಲ್ಲೆಯನ್ನು 100ರಿಂದ 120ಕ್ಕೆ ಏರಿಸುವ ಪವರ್ ಸ್ಕ್ರೋಲ್ ಎಂಬ ಸುರುಳಿಗಳೂ ಕಾಲಕ್ರಮದಲ್ಲಿ ಬಂದಿವೆ. ಆದರೆ ಒಟ್ಟು ಮೇಲ್ಮಿತಿಯು ಹಳೆಯ ಸದಸ್ಯರಿಗೆ 720ರವರೆಗೆ ಸಡಿಲವಾಗಿರುವುದೇ ವಿನಾ ಅದರಾಚೆಗೆ ಹೋಗಿಲ್ಲ. ತನ್ನ ಎಲ್ಲ ವಿದ್ಯೆಗಳನ್ನೂ 120ಕ್ಕೆ ಒಯ್ಯಬೇಕೆನ್ನುವವನು ಏಳಕ್ಕೆ ಬದಲಾಗಿ ಆರನ್ನೇ ಆಯ್ದುಕೊಳ್ಳಬೇಕು.